ಸಂಶೋಧನಾ ಧನಸಹಾಯದ ಅರ್ಜಿಗಳೂ ಪ್ರಯೋಜನದ ಯೋಜನೆಯೂ

ಸಂಶೋಧನೆಗೆ ಧನಸಹಾಯವನ್ನು ಬೇಡುವ ಅರ್ಜಿಗಳಲ್ಲಿ "ಇದರಿಂದ ರೈತರಿಗೆ ಬಹಳ ಉಪಕಾರವಾಗುವುದು" ಎಂಬ ವಾಕ್ಯವು ಸಾಮಾನ್ಯವಾಗಿ ಇದ್ದೇ ಇರುವುದು. ಆದರೆ ಯಾವ ರೈತರಿಗೆ, ಯಾವ ಕಾಲದಲ್ಲಿ, ಯಾರ ಮುಖಾಂತರ ಎಂಬುದನ್ನು ಬರೆಯುವವರು ವಿರಳ. ಈ ನ್ಯೂನತೆಯನ್ನು ನೀಗಲು ಅರ್ಜಿದಾರರಿಗೆ ಕೊಡತಕ್ಕ ಶಿಕ್ಷಣದ ಕ್ರಮವನ್ನು ಇಲ್ಲಿ ಸಂಗ್ರಹವಾಗಿ ವಿವರಿಸಿದೆ.

ಅಮೆರಿಕಾದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ಅರ್ಜಿಗಳನ್ನು ಶಾಸ್ತ್ರೀಯ ಯೋಗ್ಯತೆ, ಸಮಾಜಕ್ಕಾಗುವ ಪ್ರಯೋಜನ ಎಂಬ ಎರಡು ಒರೆಗಲ್ಲುಗಳಿಗೆ ಹಚ್ಚುವ ಪದ್ಧತಿಯನ್ನು ೧೯೯೭ರಲ್ಲಿ ತಂದಿತು. ಬ್ರಿಟನ್ನಿನ ಸಂಶೋಧನಾ ಮಂಡಲಿಗಳು ೨೦೦೯ರಿಂದ ಪ್ರಯೋಜನದ ಮಾರ್ಗವನ್ನು ಪ್ರತ್ಯೇಕ ಪತ್ರದಲ್ಲಿ ಬರೆಯಿಸಿಕೊಳ್ಳುತ್ತಿದ್ದುವು. ೨೦೨೦ರಲ್ಲಿ ಆ ಪತ್ರವನ್ನು ಕೈಬಿಡಲಾಯಿತು. ಪ್ರಯೋಜನದ ವಿಚಾರವು ಅರ್ಜಿಯ ಒಡಲಿನಲ್ಲಿಯೇ ಸೇರಿರತಕ್ಕುದು, ಕೊನೆಯಲ್ಲಿ ಅಂಟಿಸತಕ್ಕುದಲ್ಲ ಎಂಬುದೇ ಇದರ ತಾತ್ಪರ್ಯ.

ನಮ್ಮ ಅಡಿಕೆಯ ಕೊಳೆರೋಗವನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಮೈಸೂರು ಸಂಸ್ಥಾನದಲ್ಲಿ ಡಾಕ್ಟರ್ ಕೋಲ್ಮನ್ ಅವರು ಈ ರೋಗವನ್ನು ಪರಿಶೋಧಿಸಿ ೧೯೧೦ರಲ್ಲಿ ವರದಿಯನ್ನು ಪ್ರಕಟಿಸಿದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು ಸೇರಿದ ಶೇಕಡಾ ೧ರ ಬೋರ್ಡೋ ದ್ರಾವಣವು ಇಂದಿಗೂ ಬಳಕೆಯಲ್ಲಿದೆ. ಆದರೆ ಅದನ್ನು ಮುಂಗಾರು ಹಿಡಿಯುವುದಕ್ಕೆ ಮೊದಲೇ ಗೊನೆಗಳಿಗೆ ಸಿಂಪಡಿಸಬೇಕು; ಸುಮಾರು ೪೦-೪೫ ದಿನಗಳ ಮೇಲೆ ಪುನಃ ಸಿಂಪಡಿಸಬೇಕು. ಅದಕ್ಕೆ ಮರವೇರಬಲ್ಲ ಕೊನೆಗಾರನೂ, ಮಳೆಯಿಲ್ಲದ ಹೊಳವೂ ಬೇಕು. ಹೊಸ ಔಷಧಿಯನ್ನು ಶೋಧಿಸಲು ಹಣ ಕೇಳುವವನು ಈ ಎರಡನ್ನೂ ಲೆಕ್ಕಕ್ಕೆ ತಾರದಿದ್ದರೆ, ಪ್ರಯೋಗಶಾಲೆಯ ಜಯವು ತೋಟವನ್ನು ಮುಟ್ಟದು.

ಆದುದರಿಂದ ಶಿಕ್ಷಣವರ್ಗದಲ್ಲಿ ಉಪನ್ಯಾಸಕ್ಕಿಂತ ಅಭ್ಯಾಸವೇ ಮೇಲು. ಅದರ ಕ್ರಮವು ಹೀಗೆ:

೧. ಪ್ರತಿಯೊಬ್ಬ ಅರ್ಜಿದಾರನೂ ತನ್ನ ಕರಡನ್ನು ತರಲಿ. "ಉಪಕಾರವಾಗುವುದು" ಎಂಬಂತಹ ಮಾತುಗಳಿಗೆಲ್ಲಾ ಗೆರೆಯೆಳೆದು, ಅವುಗಳಿಗೆ ಪ್ರತಿಯಾಗಿ ಯಾರು, ಎಲ್ಲಿ, ಯಾವಾಗ, ಏನನ್ನು ಬದಲಾಯಿಸುವರು ಎಂಬುದನ್ನು ಬರೆಯಲಿ.

೨. ವರದಿ, ಕರಪತ್ರ, ಪ್ರಾತ್ಯಕ್ಷಿಕೆಗಳು ಕೇವಲ ಸಾಧನಗಳು. ರೈತನ ಬೇಸಾಯದಲ್ಲಿ ಆಗುವ ಬದಲಾವಣೆಯೇ ಪ್ರಯೋಜನ. ಇವೆರಡನ್ನೂ ಬೇರೆಬೇರೆ ಸಾಲುಗಳಲ್ಲಿ ಬರೆಯಿಸತಕ್ಕುದು.

೩. ಬಿತ್ತನೆಯ ಅಥವಾ ಸಿಂಪಡಣೆಯ ದಿನದಿಂದ ಹಿಂದಕ್ಕೆ ಎಣಿಸಿ, ಫಲಿತಾಂಶವು ಯಾವ ತಿಂಗಳು ಸಿದ್ಧವಿರಬೇಕೆಂದು ಗೊತ್ತುಮಾಡಲಿ.

೪. ಒಬ್ಬ ಬೆಳೆಗಾರನೂ ಒಬ್ಬ ಕೊನೆಗಾರನೂ ಎದುರಿಗೆ ಕುಳಿತು ಪ್ರಶ್ನಿಸಲಿ. ಅವರಿಗೆ ಉತ್ತರ ಹೇಳಲಾರದ ಕಡೆ ಅರ್ಜಿಯನ್ನು ತಿದ್ದಬೇಕು.

೫. ಪ್ರಚಾರ, ಪ್ರಾತ್ಯಕ್ಷಿಕೆ, ತರುವಾಯದ ವಿಚಾರಣೆ ಇವುಗಳ ವೆಚ್ಚವನ್ನು ಅಂದಾಜುಪಟ್ಟಿಯಲ್ಲಿ ಸೇರಿಸಲಿ. ಹಣವಿಲ್ಲದ ವಾಗ್ದಾನವು ವಾಗ್ದಾನವಲ್ಲ.

ಎಲ್ಲ ಸಂಶೋಧನೆಯೂ ಕೂಡಲೇ ಫಲವನ್ನು ಕೊಡಲೇಬೇಕೆಂದು ಇದರ ಅರ್ಥವಲ್ಲ. ಮೂಲ ಪರಿಶೋಧನೆಗೆ ಕೈಹಾಕುವವನು, ಮುಂದೆ ಅದನ್ನು ಯಾರು ಕೈಗೆತ್ತಿಕೊಳ್ಳಬಲ್ಲರೆಂದು ಹೇಳಿದರೆ ಸಾಕು; ಇಲ್ಲದ ಲಾಭವನ್ನು ಉಬ್ಬಿಸಿ ಬರೆಯಬಾರದು. ಅಕಾಲದ ಸಲಹೆಯನ್ನು ನಂಬಿ ಒಂದು ಫಸಲನ್ನು ಕಳೆದುಕೊಂಡ ಬೆಳೆಗಾರನು ಮರುವರ್ಷ ಸಕಾಲದ ಸಲಹೆಗೂ ಕಿವಿಗೊಡನು. ಅರ್ಜಿಯಲ್ಲಿ ಬರೆದ ಒಂದೊಂದು ಮಾತಿನ ಭಾರವೂ ಕೊನೆಗೆ ಅವನ ತೋಟದ ಮೇಲೆಯೇ ಬೀಳುವುದೆಂಬುದನ್ನು ಅರ್ಜಿದಾರರು ಮರೆಯಲಾಗದು.