ನಿಂತ ಲಾರಿಗೇ ಚಳಿ

ಶ್ರೀನಗರ–ಲೇಹ್ ಹೆದ್ದಾರಿಯಲ್ಲಿ ಸೋನಾಮಾರ್ಗ್ ದಾಟಿದ ಮೇಲೆ ಜೋಜಿ ಲಾ ಘಾಟಿಯ ಏರು ಶುರುವಾಗುತ್ತದೆ. ನೆತ್ತಿಯ ಎತ್ತರ 3,528 ಮೀಟರ್. ಅದರಾಚೆಯ ದ್ರಾಸ್‌ನಲ್ಲಿ ಜನವರಿಯ ರಾತ್ರಿ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದು ಮಾಮೂಲು. ಹಿಂದೆ ಹಿಮ ಬಿದ್ದು ಈ ದಾರಿ ಮುಚ್ಚಿತೆಂದರೆ ತೆರೆಯಲು ಐದಾರು ತಿಂಗಳು ಹಿಡಿಯುತ್ತಿತ್ತು. ಗಡಿ ರಸ್ತೆ ಸಂಸ್ಥೆ ಈಗ ಹಿಮ ತೆರವಿನ ಕೆಲಸಕ್ಕೆ ವೇಗ ಕೊಟ್ಟಿದೆ. 2025ರಲ್ಲಿ 32 ದಿನಗಳಷ್ಟೇ ಮುಚ್ಚಿದ್ದು ಏಪ್ರಿಲ್ 1ರಂದು ತೆರೆಯಿತು. ಒಳ್ಳೆಯ ಸುದ್ದಿಯೇ. ಆದರೆ ಲಾರಿಯವರ ಲೆಕ್ಕದಲ್ಲಿ, ಮೊದಲು ಊರಲ್ಲಿ ಕಳೆಯುತ್ತಿದ್ದ ಚಳಿಯ ದಿನಗಳು ಈಗ ರಸ್ತೆಗೆ ಬಂದಿವೆ.

ನಮ್ಮ ಶಿರಾಡಿ, ಚಾರ್ಮಾಡಿ ಹತ್ತಿಳಿಸುವ ಡ್ರೈವರಿಗೆ ಮಂಜೆಂದರೆ ದಾರಿ ಕಾಣದಿರುವುದು, ಅಷ್ಟೆ. ಜೋಜಿ ಲಾದ ಭಯವೇ ಬೇರೆ. ಎಂಜಿನ್ ಓಡುವಷ್ಟು ಹೊತ್ತು ನೀರು, ಎಣ್ಣೆ, ಕ್ಯಾಬಿನ್ ಎಲ್ಲ ಬೆಚ್ಚಗಿರುತ್ತವೆ. ಹಿಮವೋ ಗುಡ್ಡವೋ ಜಾರಿ ದಾರಿ ಕಟ್ಟಿ, ಸಾಲಿನಲ್ಲಿ ರಾತ್ರಿ ನಿಲ್ಲಬೇಕಾದಾಗ ಚಳಿ ಕೆಲಸ ಶುರುಮಾಡುತ್ತದೆ. ಈ ದಾರಿಯವರ ಸಿದ್ಧತೆಯಲ್ಲಿ ಮುಕ್ಕಾಲು ಪಾಲು ಲಾರಿ ಓಡಿಸುವುದಕ್ಕಲ್ಲ, ನಿಲ್ಲಿಸುವುದಕ್ಕೆ.

ಮೊದಲು ಕೈಕೊಡುವುದು ಡೀಸೆಲ್. ಅದರಲ್ಲಿ ಮೇಣದ ಅಂಶವಿದೆ. ಡಿಸೆಂಬರಿನ ಬೆಳಿಗ್ಗೆ ಬಾಟಲಿಯ ಕೊಬ್ಬರಿ ಎಣ್ಣೆ ಬೆಳ್ಳಗೆ ಗಟ್ಟಿಯಾದ ಹಾಗೆ, ಚಳಿಗೆ ಆ ಮೇಣ ಹರಳುಗಟ್ಟಿ ಫಿಲ್ಟರಿಗೆ ಅಡ್ಡ ಕೂರುತ್ತದೆ. ಟ್ಯಾಂಕ್ ತುಂಬಿದೆ, ಎಂಜಿನ್‌ಗೆ ಮಾತ್ರ ಹನಿ ಸಿಗದು. ನಮ್ಮ ದೇಶದ ಸಾಮಾನ್ಯ ಡೀಸೆಲ್ ಬೇಸಿಗೆಯಲ್ಲಿ 18 ಡಿಗ್ರಿಯವರೆಗೆ, ಚಳಿಗಾಲದಲ್ಲಿ 6 ಡಿಗ್ರಿಯವರೆಗೆ ಫಿಲ್ಟರ್ ಕಟ್ಟದೆ ಹರಿದರೆ ಸಾಕೆನ್ನುತ್ತದೆ ಭಾರತೀಯ ಮಾನಕ. ಬಯಲುಸೀಮೆಗೆ ಅದು ಧಾರಾಳ. ದ್ರಾಸ್‌ಗೆ ಏನೇನೂ ಅಲ್ಲ. ಹಾಗಾಗಿ ಹಳೆಯ ಡ್ರೈವರುಗಳು ಟ್ಯಾಂಕಿಗೆ ಸೀಮೆಎಣ್ಣೆ ಬೆರೆಸುತ್ತಿದ್ದರು, ಬೆಳಗಾದರೆ ಟ್ಯಾಂಕಿನಡಿ ಚಿಂದಿ ಬಟ್ಟೆಗೆ ಬೆಂಕಿ ಕೊಟ್ಟು ಕಾಯಿಸುತ್ತಿದ್ದರು. ಸೀಮೆಎಣ್ಣೆಗೆ ಜಾರುಗುಣ ಕಡಿಮೆ, ಪಂಪ್ ಸವೆಯುತ್ತದೆ. ಬೆಂಕಿಯ ವಿಷಯ ಬಿಡಿಸಿ ಹೇಳಬೇಕಿಲ್ಲ.

2019ರ ನವೆಂಬರಿನಲ್ಲಿ ಇಂಡಿಯನ್ ಆಯಿಲ್ ಲಡಾಖ್‌ಗೆಂದೇ ಚಳಿಗಾಲದ ಡೀಸೆಲ್ ತಂದಿತು. ಪಾಣಿಪತ್ ರಿಫೈನರಿಯಲ್ಲಿ ತಯಾರಾಗುವ ಇದು ಮೈನಸ್ 33 ಡಿಗ್ರಿಯವರೆಗೂ ಹರಿಯುತ್ತದೆ. ಆದರೆ ಕೆಳಗಿನ ಬಂಕಿನಲ್ಲೇ ಟ್ಯಾಂಕ್ ಭರ್ತಿ ಮಾಡಿಕೊಂಡು ಬಂದವನಿಗೆ ಮೇಲೆ ಒಳ್ಳೆಯ ಡೀಸೆಲ್ ಸಿಕ್ಕರೂ ತುಂಬಿಸಲು ಜಾಗವೆಲ್ಲಿ? ದಾರಿಗೆ ಬೇಕಾದಷ್ಟೇ ಹಾಕಿಸಿ ಉಳಿದದ್ದನ್ನು ಮೇಲೆ ಹಾಕಿಸುವುದೇ ಜಾಣತನ. ಇದಕ್ಕೆ ಸಲಕರಣೆ ಬೇಡ, ಖರ್ಚೂ ಇಲ್ಲ. ಆದರೂ ತಪ್ಪುವುದು ಇದೇ ಹೆಚ್ಚು.

ನೀರಿನ ಕಥೆ ಸರಳ. ಹೆಪ್ಪುಗಟ್ಟಿದ ನೀರು ಸುಮಾರು ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ, ಎಂಜಿನ್ ಬ್ಲಾಕನ್ನೇ ಸೀಳುತ್ತದೆ. ಅರ್ಧ ನೀರು, ಅರ್ಧ ಗ್ಲೈಕಾಲ್ ಕೂಲೆಂಟ್ ಇದ್ದರೆ ಮೈನಸ್ 35ರ ಆಸುಪಾಸಿನವರೆಗೆ ಚಿಂತೆಯಿಲ್ಲ. ದಾರಿಯಲ್ಲಿ ಸೋರಿತೆಂದು ಬರೀ ನೀರು ಸುರಿದರೆ ಆ ಭದ್ರತೆ ಹೋಯಿತು. ಕೂಲೆಂಟ್ ಇಲ್ಲದ ಕಾಲದಲ್ಲಿ ರಾತ್ರಿ ರೇಡಿಯೇಟರ್ ಬರಿದು ಮಾಡಿ ಮಲಗುವುದು ಕ್ಲೀನರನ ಕೆಲಸವಾಗಿತ್ತು.

ಏರ್ ಬ್ರೇಕಿನ ಅಪಾಯ ಕಣ್ಣಿಗೆ ಬೀಳುವುದಿಲ್ಲ. ಒತ್ತಿದ ಗಾಳಿಯಲ್ಲಿ ತೇವವಿರುತ್ತದೆ. ಅದು ಟ್ಯಾಂಕಿನ ತಳದಲ್ಲಿ ನೀರಾಗಿ ನಿಂತು ಪೈಪಿನಲ್ಲೋ ವಾಲ್ವಿನಲ್ಲೋ ಮಂಜುಗಡ್ಡೆಯಾದರೆ ಇಳಿಜಾರಿನಲ್ಲಿ ಪೆಡಲ್ ತುಳಿದರೂ ಬ್ರೇಕ್ ಬಾರದು. ಅದಕ್ಕೇ ದಿನವೂ ಗಾಳಿ ಟ್ಯಾಂಕಿನ ನೀರು ಬಿಡಬೇಕು. ಒದ್ದೆಯಾದ ಬ್ರೇಕ್ ಹಿಡಿದು ರಾತ್ರಿ ನಿಲ್ಲಿಸಿದರೆ ಡ್ರಮ್ಮಿಗೆ ಶೂ ಅಂಟಿಕೊಂಡು ಬೆಳಿಗ್ಗೆ ಚಕ್ರ ತಿರುಗುವುದಿಲ್ಲ. ಸಮತಟ್ಟು ಜಾಗ ಹುಡುಕಿ, ಬ್ರೇಕ್ ಹಿಡಿಯದೆ ಗಾಲಿಗೆ ಮರದ ತುಂಡು ಕೊಟ್ಟು ನಿಲ್ಲಿಸುವುದು ಈ ಕಾರಣಕ್ಕೆ.

ಚೈನಿನ ಬಗ್ಗೆ ಎಲ್ಲರಿಗೂ ಗೊತ್ತು, ಕಟ್ಟಲು ಬರುವವರು ಕಡಿಮೆ. ಎಂಜಿನ್ ಎಳೆಯುವ ಹಿಂದಿನ ಗಾಲಿಗಳಿಗೆ, ಏರು ಶುರುವಾಗುವ ಮೊದಲೇ ಬಿಗಿಯಬೇಕು, ಸ್ವಲ್ಪ ದೂರ ಹೋಗಿ ಮತ್ತೆ ಬಿಗಿಯಬೇಕು. ಬರಿ ಡಾಂಬರು ಸಿಕ್ಕ ಕೂಡಲೇ ಬಿಚ್ಚದಿದ್ದರೆ ಚೈನೂ ಹೋಗುತ್ತದೆ, ಟೈರೂ ಹೋಗುತ್ತದೆ. ಇದೆಲ್ಲ ಬರಿಗೈಯಲ್ಲಿ ಆಗುವುದಲ್ಲ. ಆ ಚಳಿಯಲ್ಲಿ ಕಬ್ಬಿಣ ಚರ್ಮವನ್ನೇ ಹಿಡಿದುಕೊಳ್ಳುತ್ತದೆ. ದಪ್ಪ ಕೈಗವಸಿನಲ್ಲಿ ನಟ್ಟು ಸಿಗದು. ಹೀಗಾಗಿ ಬೆಚ್ಚಗಿರಲು ಒಂದು ಜೊತೆ, ಕೆಲಸಕ್ಕೆ ತೆಳುವಾದ ಇನ್ನೊಂದು ಜೊತೆ. ಮೈಗೆ ತಾಗುವ ಬಟ್ಟೆ ಉಣ್ಣೆಯದಿರಬೇಕು, ಏಕೆಂದರೆ ಸಲಿಕೆ ಹಿಡಿದು ಹಿಮ ತೋಡುವಾಗ ಬೆವರುತ್ತದೆ, ಬೆವರಿಗೆ ನೆನೆದ ಹತ್ತಿ ಬನಿಯನ್ ಆಮೇಲೆ ಮೈಯ ಬಿಸಿಯನ್ನೆಲ್ಲ ಹೀರುತ್ತದೆ. ಹಿಮದ ಮೇಲಿನ ಬಿಸಿಲಿಗೆ ಕಪ್ಪು ಕನ್ನಡಕ ಶೋಕಿಯಲ್ಲ. ಸ್ಟೌ ಜೊತೆ ಕುಕ್ಕರ್ ಬೇಕೇಬೇಕು. ಅಷ್ಟೆತ್ತರದಲ್ಲಿ ನೀರು 88 ಡಿಗ್ರಿಗೇ ಕುದಿಯುವುದರಿಂದ ಬರೀ ಪಾತ್ರೆಯಲ್ಲಿ ಬೇಳೆ ಬೇಯದು.

ರಾತ್ರಿಯ ಅತಿ ದೊಡ್ಡ ಶತ್ರು ಮಾತ್ರ ಚಳಿಯಲ್ಲ, ಚಳಿ ಕಾಯಿಸುವ ಕೆಂಡ. ಗಾಜೇರಿಸಿದ ಕ್ಯಾಬಿನ್ನಿನಲ್ಲಿ ಕಾಂಗಡಿ ಎಂಬ ಕೆಂಡದ ಬುಟ್ಟಿ, ಸಿಗಡಿ ಒಲೆ, ಸ್ಟೌ ಯಾವುದು ಉರಿದರೂ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಎಂಜಿನ್ ಓಡಿಸಿಟ್ಟು ಮಲಗಿದರೂ ಹೊಗೆಕೊಳವೆ ಹಿಮದಲ್ಲಿ ಹೂತರೆ ಅದೇ ಗತಿ.

2025ರಿಂದ ಹೊಸದಾಗಿ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್‌ಗೆ ಏಸಿ ಕಡ್ಡಾಯವಾಗಿದೆ. ಬಯಲಿನ ಸೆಕೆಗೆ ಇದು ಎಂದೋ ಬರಬೇಕಿದ್ದ ನಿಯಮ. ಆದರೆ ಎಂಜಿನ್ ಆರಿಸಿ ನಿಂತ ಲಾರಿಗೆ ಏಸಿಯಿಂದ ಪ್ರಯೋಜನವಿಲ್ಲ. ಹೊಗೆಯನ್ನು ಹೊರಕ್ಕೆ ಬಿಟ್ಟು, ಚೂರು ಡೀಸೆಲಿನಲ್ಲಿ ರಾತ್ರಿಯಿಡೀ ಕ್ಯಾಬಿನ್ ಬೆಚ್ಚಗಿಡುವ ಪಾರ್ಕಿಂಗ್ ಹೀಟರುಗಳು ಯುರೋಪಿನ ಲಾರಿಗಳಲ್ಲಿ ಮಾಮೂಲಾಗಿವೆ. ನಮ್ಮ ನಿಯಮ ಬರೆದವರು ಡ್ರೈವರಿನ ಸೆಕೆಯನ್ನು ಲೆಕ್ಕಕ್ಕೆ ಹಿಡಿದರು, ಜೋಜಿ ಲಾದ ರಾತ್ರಿಯನ್ನು ಹಿಡಿಯಲಿಲ್ಲ.