ಕವಳೆ ಗಿಡವನ್ನು ಗುರುತಿಸುವ ಕ್ರಮ

ದೇವನಹಳ್ಳಿ ತಾಲ್ಲೂಕಿನ ಆವತಿ ಬೆಟ್ಟದಂತಹ ಕಲ್ಲುಗುಡ್ಡಗಳ ಕುರುಚಲು ಕಾಡೇ ಕವಳೆಯ ನೆಲೆ. ಲಂಟಾನವನ್ನು ಕಡಿಸುವಾಗ ಕೂಲಿಯಾಳುಗಳು ಇದನ್ನೂ ಅದರೊಡನೆ ಕಡಿದುಬಿಡುವುದುಂಟು. ಆದರೆ ಇವೆರಡರ ಭೇದವನ್ನು ತಿಳಿಯುವುದು ಸುಲಭ. ಕವಳೆಯ ಎಲೆಯು ನುಣುಪಾಗಿದ್ದು, ಕಿತ್ತರೆ ಬಿಳಿಯ ಹಾಲು ಒಸರುವುದು, ಮುಳ್ಳುಗಳು ಜೋಡಿಯಾಗಿರುವುವು, ಹೂವು ಬಿಳುಪು, ಎಸಳು 5, ಮಾಗಿದ ಹಣ್ಣು ಕಪ್ಪು. ಲಂಟಾನದ ಎಲೆಯು ಒರಟಾಗಿದ್ದು, ಹಿಸುಕಿದರೆ ನಾರುವುದು, ಅದರಲ್ಲಿ ಹಾಲಿಲ್ಲ, ಹೂಗೊಂಚಲು ಬಣ್ಣಬಣ್ಣವಾಗಿರುವುದು.

ಲಂಟಾನವು ಅಮೆರಿಕಾ ಖಂಡದಿಂದ ಬಂದುದು. ಅದರ ಸೊಪ್ಪನ್ನು ಮೇಯ್ದ ದನಗಳಿಗೆ ಕಾಮಾಲೆಯುಂಟಾಗಿ, ಬಿಸಿಲು ತಾಕಿದ ಚರ್ಮವು ಒಡೆಯುವುದು. ಕವಳೆಯಾದರೋ ಈ ನೆಲದ ಗಿಡ. ಇದರ ಕಾಯಿ ಉಪ್ಪಿನಕಾಯಿಗೂ, ಹಣ್ಣು ತಿನ್ನುವುದಕ್ಕೂ, ಗಿಡವು ಬೇಲಿಗೂ ಒದಗುವುದು. ಆದುದರಿಂದ ಗ್ರಾಮದ ಮುಖಂಡರೂ ಜಮೀನ್ದಾರರೂ ಕಡಿಸುವುದಕ್ಕೆ ಮೊದಲು ಒಂದು ಎಲೆಯನ್ನು ಕೀಳಿಸಿ ಪರೀಕ್ಷಿಸತಕ್ಕದ್ದು. ಮಳೆಗಾಲದಲ್ಲಿ ಹಣ್ಣಿನ ಬೀಜವನ್ನು ಬಹುದಿನ ಇಡದೆ ಒಡನೆಯೇ ಬಿತ್ತಿಸಿದರೆ ಬೇಲಿಗೆ ಬೇಕಾದ ಸಸಿಗಳು ದೊರೆಯುವುವು.