ಗೆಣ್ಣುದ್ದದ ಸಿಪಾಯಿಯ ಅಂಗಿ ಯಾವ ಬಣ್ಣ?

28 ಮಿಲಿಮೀಟರ್ ಎಂದರೆ ಹೆಬ್ಬೆರಳಿನ ಮೇಲ್ಗೆಣ್ಣಿನಷ್ಟು ಎತ್ತರ. ಅಷ್ಟರಲ್ಲೇ ಒಬ್ಬ ಸಿಪಾಯಿ ನಿಂತಿದ್ದಾನೆ. ತಲೆಗೆ ಎತ್ತರದ ಟೊಪ್ಪಿಗೆ, ಎದೆಯ ಮೇಲೆ ಅಡ್ಡಹಾಯ್ದ ಎರಡು ಪಟ್ಟಿ, ಬೆನ್ನಿಗೆ ಚೀಲ, ಕೈಯಲ್ಲಿ ಬಯೊನೆಟ್ ಸಿಕ್ಕಿಸಿದ ಕೋವಿ. ಅಂಗಿಯ ಗುಂಡಿಗಳು ಸಾಸಿವೆ ಕಾಳಿಗಿಂತ ಸಣ್ಣವು. ಪೆಟ್ಟಿಗೆಯಿಂದ ಹೊರಬಂದಾಗ ಅವನು ಬರೀ ಬೂದು ಬಣ್ಣದ ಲೋಹ, ಇಲ್ಲವೇ ಪ್ಲಾಸ್ಟಿಕ್. ಅವನಿಗೆ ಬಣ್ಣ ಹಚ್ಚಿ, ಅವನಂಥ ನೂರಾರು ಜನರನ್ನು ಸಾಲಾಗಿ ಮೇಜಿನ ಮೇಲೆ ನಿಲ್ಲಿಸಿ, ದಾಳ ಉರುಳಿಸಿ, ಅಳತೆಪಟ್ಟಿ ಹಿಡಿದು ಹಳೆಯ ಯುದ್ಧಗಳನ್ನು ಮತ್ತೆ ಆಡುವ ಹವ್ಯಾಸಕ್ಕೆ ಇಂಗ್ಲೆಂಡ್, ಅಮೆರಿಕ, ಕೆನಡಾಗಳಲ್ಲಿ ಹಿಸ್ಟಾರಿಕಲ್ ವಾರ್‌ಗೇಮಿಂಗ್ ಎನ್ನುತ್ತಾರೆ. ಇದರಲ್ಲಿ ತೊಡಗಿದವರಿಗೆಲ್ಲ ಒಂದು ಸಮಾನ ಕಾಯಿಲೆಯಿದೆ. ಕೊಳ್ಳುವುದು ಬೇಗ, ಬಣ್ಣ ಹಚ್ಚುವುದು ನಿಧಾನ. ಬಣ್ಣ ಕಾಣದೆ ಕಪಾಟಿನಲ್ಲಿ ಬಿದ್ದಿರುವ ಗೊಂಬೆಗಳ ರಾಶಿಯನ್ನು ಅವರು ಸೀಸದ ಗುಡ್ಡ ಎಂದು ಕರೆಯುತ್ತಾರೆ. ಲೋಹದ ಗೊಂಬೆಗಳಲ್ಲಿ ಸೀಸದ ಬದಲು ತವರದ ಮಿಶ್ರಲೋಹ ಬಂದು ಎಷ್ಟೋ ಕಾಲವಾದರೂ ಹೆಸರು ಹಾಗೇ ಉಳಿದಿದೆ. ಗುಡ್ಡ ಕರಗಿಸಲು ಅವರೇ ಕಂಡುಕೊಂಡ ಉಪಾಯ ಚಾಲೆಂಜ್, ಅಂದರೆ ಗೆಳೆಯರ ನಡುವಿನ ಪಂಥ. ಉತ್ತರ ಗೋಳದ ಚಳಿಗಾಲ ಇದಕ್ಕೆ ಸರಿಯಾದ ಕಾಲ. ಹೊರಗೆ ಹಿಮ, ಒಳಗೆ ಮೇಜುದೀಪ. ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಪ್ರತಿಯೊಬ್ಬರೂ ತಮ್ಮ ಗುರಿ ತಾವೇ ಘೋಷಿಸಿಕೊಳ್ಳುತ್ತಾರೆ, ಮುಗಿಸಿದ್ದರ ಫೋಟೊ ಕಳಿಸುತ್ತಾರೆ, ಅಂಕ ಗಳಿಸುತ್ತಾರೆ. 28 ಮಿಲಿಮೀಟರಿನ ಕಾಲಾಳಿಗೆ 5 ಅಂಕ, ಕುದುರೆ ಸವಾರನಿಗೆ 10, ಇನ್ನೂ ಚಿಕ್ಕ ಗೊಂಬೆಗಳಿಗೆ ಇನ್ನೂ ಕಡಿಮೆ ಎಂಬುದು ಬಳಕೆಯಲ್ಲಿರುವ ಒಂದು ಲೆಕ್ಕ. ಗೆದ್ದವರಿಗೆ ಸಿಗುವುದು ಹೆಚ್ಚೆಂದರೆ ಗೆಳೆಯರ ಶಹಬ್ಬಾಸ್.

ವಯಸ್ಸಾದವರ ಗೊಂಬೆಯಾಟ ಎಂದು ಇದನ್ನು ತಳ್ಳಿಹಾಕುವುದು ಸುಲಭ. ಪ್ರಷ್ಯದ ಸೇನೆ 1824ರಲ್ಲಿ ತನ್ನ ಅಧಿಕಾರಿಗಳ ತರಬೇತಿಗೆ ಯುದ್ಧದಾಟವನ್ನು ಒಪ್ಪಿಕೊಂಡಿತ್ತು, ಎಚ್.ಜಿ. ವೆಲ್ಸ್‌ನಂಥ ಲೇಖಕ 1913ರಲ್ಲಿ ಆಟಿಕೆ ಸೈನಿಕರ ಯುದ್ಧಕ್ಕೆ ನಿಯಮಗಳ ಪುಸ್ತಕವನ್ನೇ ಬರೆದ ಎಂದು ವಂಶಾವಳಿ ತೆಗೆದು ಮರ್ಯಾದೆ ತಂದುಕೊಡಬಹುದು. ಆದರೆ ಇದಕ್ಕೆ ಅಂಥ ದೊಡ್ಡವರ ಶಿಫಾರಸು ಬೇಕಿಲ್ಲ. ಇದರ ನಿಜವಾದ ತೂಕವಿರುವುದು ಆಟದಲ್ಲಲ್ಲ, ಆಟಕ್ಕೆ ಮೊದಲಿನ ಬಣ್ಣದ ಕೆಲಸದಲ್ಲಿ ಎಂಬುದು ನನ್ನ ವಾದ. ಇತಿಹಾಸವನ್ನು ಓದುವವನು ಗೊತ್ತಿಲ್ಲದ್ದನ್ನು ಹಾರಿಸಿಕೊಂಡು ಹೋಗಬಹುದು, ಬರೆಯುವವನೂ ಒಂದು ಜಾಣ ವಾಕ್ಯದಲ್ಲಿ ಅದನ್ನು ಮುಚ್ಚಬಹುದು. ಕುಂಚ ಹಿಡಿದವನಿಗೆ ಆ ಸೌಲಭ್ಯವಿಲ್ಲ. ಗೊಂಬೆಯ ಮೈಮೇಲಿನ ಪ್ರತಿ ಚುಕ್ಕಿ ಜಾಗಕ್ಕೂ ಯಾವುದೋ ಒಂದು ಬಣ್ಣ ಬೀಳಲೇಬೇಕು. ಪಂಥದ ಗಡುವು ಆ ನಿರ್ಧಾರವನ್ನು ನಾಳೆಗೆ ತಳ್ಳದ ಹಾಗೆ ನೋಡಿಕೊಳ್ಳುತ್ತದೆ.

ನೆಪೋಲಿಯನ್ ಕಾಲದ ಬ್ರಿಟಿಷ್ ಸಿಪಾಯಿಯನ್ನೇ ತೆಗೆದುಕೊಳ್ಳಿ. ಅವನ ಕೋಟು ಕೆಂಪು ಎಂದು ಮಕ್ಕಳಿಗೂ ಗೊತ್ತು. ಎಂಥ ಕೆಂಪು? ಸಾಮಾನ್ಯ ಸೈನಿಕನ ಬಟ್ಟೆಗೆ ಬಣ್ಣ ಬರುತ್ತಿದ್ದುದು ನಮ್ಮ ಮಂಜಿಷ್ಠದ ಜಾತಿಯ ಒಂದು ಗಿಡದ ಬೇರಿನಿಂದ. ಅದು ಇಟ್ಟಿಗೆಯ ಕಡೆಗೆ ವಾಲುವ ಮಂಕು ಕೆಂಪು. ಅಧಿಕಾರಿಯ ಕೋಟಿಗೆ ಕೋಚಿನೀಲ್ ಎಂಬ ಕೀಟದಿಂದ ತೆಗೆದ ದುಬಾರಿ ಬಣ್ಣ, ಅದು ಕಣ್ಣು ಕುಕ್ಕುವ ಕಡುಗೆಂಪು. ಹೀಗಾಗಿ ಒಂದೇ ಪಟಾಲಮ್ಮಿನಲ್ಲಿ ಎರಡು ಕೆಂಪು, ಅವುಗಳ ನಡುವೆ ಅಂತಸ್ತಿನ ಗೆರೆ. ಬಣ್ಣದಂಗಡಿಯಿಂದ ಒಂದೇ ಕೆಂಪು ಶೀಶೆ ತಂದವನು ಆ ಗೆರೆಯನ್ನು ತನಗೇ ಗೊತ್ತಿಲ್ಲದೆ ಅಳಿಸಿಬಿಟ್ಟಿರುತ್ತಾನೆ. ಕಾಲರು ಮತ್ತು ಮುಂಗೈ ಪಟ್ಟಿಯ ಬಣ್ಣವೋ ರೆಜಿಮೆಂಟಿಗೊಂದು: ಹಳದಿ, ಹಸಿರು, ಕಡುನೀಲಿ, ಮಾಸಲು ಬಿಳಿ. ಸ್ಪೇನ್, ಪೋರ್ಚುಗಲ್‌ಗಳ ಬಿಸಿಲು ಮಳೆಯಲ್ಲಿ ವರ್ಷಗಟ್ಟಲೆ ನಡೆದ ದಂಡಿನ ಷರಾಯಿ ಹರಿದಾಗ ಸ್ಥಳೀಯ ಕಂದು ಬಟ್ಟೆಯ ತೇಪೆ ಬೀಳುತ್ತಿತ್ತು. ಈಗ ಕುಂಚ ಹಿಡಿದವನು ತೀರ್ಮಾನಿಸಬೇಕಾದ್ದು ತಾನು ಹಚ್ಚುತ್ತಿರುವುದು ಸರ್ಕಾರಿ ಆದೇಶದಲ್ಲಿದ್ದ ಸೈನಿಕನಿಗೋ, ರಸ್ತೆಯ ಮೇಲಿದ್ದ ಸೈನಿಕನಿಗೋ ಎಂಬುದನ್ನು. ಆದೇಶ ಬೇರೆ, ನಡೆದದ್ದು ಬೇರೆ ಎಂಬ ಪಾಠ ಇಲ್ಲಿ ಒಂದು ತೇಪೆಯ ರೂಪದಲ್ಲಿ ಬರುತ್ತದೆ.

ಇದು ಇನ್ನೂ ಬಿಗಿಯಾಗುವುದು ನಮ್ಮ ನೆಲಕ್ಕೆ ಬಂದಾಗ. ಮೈಸೂರು ಯುದ್ಧಗಳಲ್ಲಿ ಆಸಕ್ತಿಯಿರುವ ವಾರ್‌ಗೇಮರ್‌ಗಳು ಟಿಪ್ಪುವಿನ ಪಡೆಗಳಿಗೂ ಬಣ್ಣ ಹಚ್ಚುತ್ತಾರೆ. ಅವನ ಕವಾಯತು ಕಾಲಾಳುಗಳ ಅಂಗಿಯನ್ನು ಆ ಕಾಲದ ಬ್ರಿಟಿಷರು ಹುಲಿಯಂಗಿ ಎಂದು ಕರೆದರು. ಅವರ ವಿವರಣೆಯಲ್ಲಿ ಅದು ನೇರಳೆ ಬಟ್ಟೆ, ಅದರ ಮೇಲೆ ವಜ್ರಾಕಾರದ ಬಿಳಿ ಚುಕ್ಕೆಗಳು, ತಲೆಗೆ ಕೆಂಪು ರುಮಾಲು. ಹುಲಿ ಎಂದಾಕ್ಷಣ ಹಳದಿಯ ಮೇಲೆ ಕಪ್ಪು ಪಟ್ಟೆ ಎಳೆಯಲು ಹೊರಟ ಕೈ ಇಲ್ಲಿ ತಡೆಯಬೇಕಾಗುತ್ತದೆ. ಇನ್ನೊಂದು ಸಾಕ್ಷಿ ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಪಡುವಣ ಗೋಡೆ. 1780ರ ಸೆಪ್ಟೆಂಬರಿನಲ್ಲಿ ಕಂಚಿಯ ಹತ್ತಿರ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೈಲಿಯ ಪಡೆಯನ್ನು ಸದೆಬಡಿದ ಚಿತ್ರ ಅದರ ಮೇಲಿದೆ. ಕೆಂಪು ಕೋಟಿನವರು ಚೌಕಾಕಾರವಾಗಿ ಒತ್ತಿ ನಿಂತಿದ್ದಾರೆ, ನಡುವೆ ಪಲ್ಲಕ್ಕಿಯಲ್ಲಿ ಬೈಲಿ, ಮದ್ದಿನ ಬಂಡಿ ಸಿಡಿಯುತ್ತಿದೆ, ಸುತ್ತಲೂ ಸಾಲುಸಾಲು ಕುದುರೆಗಳು ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ. ವಾರ್‌ಗೇಮರ್‌ನ ಮೇಜಿಗೆ ಇಷ್ಟು ಹತ್ತಿರವಾದ ಹಳೆಯ ಚಿತ್ರ ಇನ್ನೊಂದು ಸಿಗುವುದು ಕಷ್ಟ. ಹಾಗಾದರೆ ಅದನ್ನೇ ನೋಡಿ ಹಚ್ಚಬಹುದಲ್ಲ? ಅಷ್ಟು ಸಲೀಸಲ್ಲ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಅದೇ ಅರಮನೆಯಲ್ಲಿ ವಾಸವಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಆ ಚಿತ್ರಗಳನ್ನು ಸರಿಪಡಿಸಿದ, ಮುಂದೆ ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದಲ್ಲಿ ಮತ್ತೊಮ್ಮೆ ಬಣ್ಣ ಬಿತ್ತು. ಇವತ್ತು ಕಾಣುವ ಬಣ್ಣ ಯಾರ ಕಾಲದ್ದು? ಅಲ್ಲದೆ ಗೋಡೆ ಹೇಳುವುದು 1780ರ ಕಥೆ, ಹುಲಿಯಂಗಿಯ ವಿವರಣೆ ಟಿಪ್ಪುವಿನ ಆಳ್ವಿಕೆಯದು. ಎರಡನ್ನೂ ಒಂದೇ ಗೊಂಬೆಯ ಮೇಲೆ ಕೂಡಿಸಿದರೆ ಎಂದೂ ಬದುಕಿರದ ಸಿಪಾಯಿಯೊಬ್ಬ ಹುಟ್ಟುತ್ತಾನೆ. ನಮ್ಮ ಪಠ್ಯಪುಸ್ತಕಗಳ ಟಿಪ್ಪು ಚಿತ್ರಗಳಿಗೆ ಬಣ್ಣ ತುಂಬಿದವರು ಈ ಪ್ರಶ್ನೆಯ ಕಾಲು ಭಾಗ ತಲೆ ಕೆಡಿಸಿಕೊಂಡಿದ್ದರೂ ಸಾಕಾಗಿತ್ತು.

ಆ ವೆಲ್ಲೆಸ್ಲಿಯೇ ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಆದ, 1815ರಲ್ಲಿ ವಾಟರ್‌ಲೂ ಗೆದ್ದ. ತನ್ನವರ ಸೋಲಿನ ಚಿತ್ರವನ್ನು ಸರಿಪಡಿಸಲು ಹಿಂಜರಿಯದಿದ್ದ ಮನುಷ್ಯ ತನ್ನ ಗೆಲುವಿನ ಗೊಂಬೆಗಳನ್ನು ಮಾತ್ರ ಸಹಿಸಲಿಲ್ಲ. ವಿಲಿಯಂ ಸೈಬೋರ್ನ್ ಎಂಬ ಸೇನಾಧಿಕಾರಿಗೆ 1830ರಲ್ಲಿ ವಾಟರ್‌ಲೂ ರಣಭೂಮಿಯ ಮಾದರಿ ಮಾಡುವ ಕೆಲಸ ಬಂತು. ಅವನು ಲಾ ಹೇ ಸಾಂತ್ ಎಂಬ ತೋಟದ ಮನೆಯಲ್ಲಿ, ಅಂದರೆ ಕಾಳಗದ ನಟ್ಟನಡುವೆ ಇದ್ದ ಮನೆಯಲ್ಲಿ, ತಿಂಗಳುಗಟ್ಟಲೆ ಇದ್ದು ನೆಲ ಅಳೆದ. ಬದುಕುಳಿದಿದ್ದ ಅಧಿಕಾರಿಗಳಿಗೆಲ್ಲ ಪತ್ರ ಬರೆದು, ಸಂಜೆ ಏಳರ ಸುಮಾರಿಗೆ ನೀವು ಎಲ್ಲಿದ್ದಿರಿ, ನಿಮ್ಮೆದುರು ಯಾರಿದ್ದರು, ಹೊಲದಲ್ಲಿ ಯಾವ ಬೆಳೆಯಿತ್ತು ಎಂದು ಕೇಳಿದ. ಉತ್ತರಗಳು ನೂರಾರು ಬಂದವು. ಅವನ್ನೆಲ್ಲ ಕೂಡಿಸಿ ನೋಡಿದಾಗ ಆ ಹೊತ್ತಿಗೆ ಬ್ರಿಟಿಷರ ಮಿತ್ರರಾದ ಪ್ರಷ್ಯನ್ನರು ರಣರಂಗದಲ್ಲಿ ದೊಡ್ಡ ಸಂಖ್ಯೆಯಲ್ಲಿ ಇದ್ದರು ಎಂದು ತೋರಿತು, ಅವನು ಅಷ್ಟು ಗೊಂಬೆ ನಿಲ್ಲಿಸಿದ. ಗೆಲುವಿನಲ್ಲಿ ಪ್ರಷ್ಯನ್ನರ ಪಾಲು ಅಷ್ಟು ದೊಡ್ಡದಾಗಿ ಕಾಣುವುದು ಡ್ಯೂಕನಿಗೆ ಹಿಡಿಸಲಿಲ್ಲ. 1838ರಲ್ಲಿ ಲಂಡನ್ನಿನ ಈಜಿಪ್ಷಿಯನ್ ಹಾಲ್‌ನಲ್ಲಿ ಮಾದರಿ ಪ್ರದರ್ಶನಕ್ಕೆ ಬಂತು, ಜನ ಮುಗಿಬಿದ್ದರು. ಕೊನೆಗೆ ಸೈಬೋರ್ನ್ ಪ್ರಷ್ಯನ್ ಗೊಂಬೆಗಳನ್ನು ಹೆಚ್ಚಿನ ಸಂಖ್ಯೆಯಲ್ಲಿ ಕಿತ್ತು ತೆಗೆದ. ಉಳಿದ 70,000ಕ್ಕೂ ಮಿಕ್ಕ ಗೊಂಬೆಗಳ ಆ ಮಾದರಿ ಈಗ ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂನಲ್ಲಿದೆ. ಗೊಂಬೆ ನಿಲ್ಲಿಸುವುದು ಬರೀ ಅಲಂಕಾರವಾಗಿದ್ದರೆ ಒಂದು ದೇಶದ ಮಾಜಿ ಪ್ರಧಾನಿಗೆ ಅದರ ಬಗ್ಗೆ ಮುನಿಸು ಏಕೆ ಬರಬೇಕಿತ್ತು? ಗೊಂಬೆ ನಿಂತ ಜಾಗ, ತೊಟ್ಟ ಬಣ್ಣ, ಇರುವ ಸಂಖ್ಯೆ, ಮೂರೂ ಹೇಳಿಕೆಗಳೇ. ಅವನ್ನು ಒಪ್ಪಬಹುದು, ಅಲ್ಲಗಳೆಯಬಹುದು, ಒತ್ತಾಯಕ್ಕೆ ಮಣಿದು ಹಿಂತೆಗೆದುಕೊಳ್ಳಲೂಬಹುದು.

ಸೈಬೋರ್ನ್‌ನ ಕಥೆಗೆ ಇನ್ನೊಂದು ಮಗ್ಗುಲಿದೆ. ಎಂಟು ವರ್ಷ ಹಿಡಿದ ಆ ಕೆಲಸ ಅವನನ್ನು ಸಾಲದಲ್ಲಿ ಮುಳುಗಿಸಿತು. ಸರ್ಕಾರ ನಡುವೆಯೇ ಹಣ ನಿಲ್ಲಿಸಿತ್ತು. ನಿಖರತೆಯ ಹಂಬಲಕ್ಕೆ ಒಂದು ಕಡೆ ದಂಡೆ ಕಟ್ಟದಿದ್ದರೆ ಅದು ಮನುಷ್ಯನನ್ನೇ ಕೊಚ್ಚಿಕೊಂಡು ಹೋಗುತ್ತದೆ. ಹವ್ಯಾಸಿಗಳಲ್ಲಿ ಇದರ ಸೌಮ್ಯ ರೂಪ ಕಾಣುತ್ತದೆ: ಸರಿಯಾದ ಹಸಿರು ಯಾವುದೆಂದು ಮೂರು ವರ್ಷ ಓದುತ್ತಲೇ ಇದ್ದು ಒಂದು ಗೊಂಬೆಯನ್ನೂ ಮುಟ್ಟದವರು. ಚಳಿಗಾಲದ ಪಂಥ ಕಟ್ಟುವ ದಂಡೆ ಇದಕ್ಕೇ. 500 ಅಂಕದ ಗುರಿಯೆಂದರೆ 100 ಕಾಲಾಳು. ಒಬ್ಬೊಬ್ಬನಿಗೆ ಎರಡು ಗಂಟೆಯಂತೆ ಹಿಡಿದರೂ 200 ಗಂಟೆ, ಮೂರು ತಿಂಗಳ ಪ್ರತಿ ಸಂಜೆಯೂ ಎರಡು ಗಂಟೆಗಿಂತ ಹೆಚ್ಚು. ಆ ಲೆಕ್ಕ ಎದುರಿಗಿದ್ದಾಗ ಓದಿಗೂ ಒಂದು ಕೊನೆ ಬರುತ್ತದೆ. ಇದ್ದ ಆಧಾರಗಳಲ್ಲಿ ಯಾವುದು ಗಟ್ಟಿ ಎಂದು ತೂಗಿ, ಕುಂಚ ಅದ್ದಲೇಬೇಕು.

ಇಲ್ಲಿ ಆಕ್ಷೇಪವೊಂದು ತಾನಾಗಿ ಏಳುತ್ತದೆ. ಅಂಕಕ್ಕಾಗಿ ಹಚ್ಚುವಾಗ ಅವಸರ ಬರುವುದಿಲ್ಲವೇ? ಬರುತ್ತದೆ. ನೂರು ಜನರನ್ನು ಸಾಲಾಗಿ ನಿಲ್ಲಿಸಿ ಎಲ್ಲರ ಷರಾಯಿ ಒಮ್ಮೆಗೆ, ಎಲ್ಲರ ಚರ್ಮ ಒಮ್ಮೆಗೆ ಎಂದು ಕಾರ್ಖಾನೆಯ ಹಾಗೆ ಹಚ್ಚುವವರು ಬಹಳ. ಮೊದಲು ಪ್ರೈಮರ್, ಮೇಲೆ ಮೂಲಬಣ್ಣ, ಆಮೇಲೆ ವಾಷ್ ಎಂಬ ತೆಳು ಕಂದು ನೀರು. ಆ ನೀರು ಬಟ್ಟೆಯ ಮಡಿಕೆಗಳಿಗೆ, ಬೆರಳ ಸಂದುಗಳಿಗೆ ತಾನೇ ಇಳಿದು ನೆರಳಾಗುತ್ತದೆ. ಒಣಗಿದ ಮೇಲೆ ಉಬ್ಬಿದ ಕಡೆ ಮಾತ್ರ ತಿಳಿಬಣ್ಣದ ಗೆರೆ. ಕಣ್ಣು ಬರೆಯುವುದು ಎಲ್ಲಕ್ಕಿಂತ ನಾಜೂಕು, ಒಂದು ಕೂದಲೆಳೆ ತಪ್ಪಿದರೆ ವೀರಯೋಧ ಬೆಚ್ಚಿಬಿದ್ದ ಗುಮಾಸ್ತನಂತೆ ಕಾಣುತ್ತಾನೆ. ಅದಕ್ಕೇ ಎಷ್ಟೋ ಜನ ಕಣ್ಣನ್ನೇ ಬಿಟ್ಟು ಬರೀ ನೆರಳು ಉಳಿಸುತ್ತಾರೆ. ಮೂರಡಿ ದೂರದಿಂದ ಚೆನ್ನಾಗಿ ಕಂಡರೆ ಸಾಕು ಎಂಬುದು ಅವರ ಸೂತ್ರ. ಪ್ರದರ್ಶನದ ಕಲಾವಿದರಿಗೆ ಇದು ಕಳಪೆ ಎನಿಸಬಹುದು. ಆದರೆ ದಸರಾ ಗೊಂಬೆ ಕೂರಿಸುವ ಮನೆಯವರಿಗೆ ಗೊತ್ತು, ಮೆಟ್ಟಿಲ ಮೇಲಿನ ಸಾಲು ಕಣ್ಣು ತುಂಬುವುದು ಒಟ್ಟಾಗಿ, ಒಂದೊಂದೇ ಗೊಂಬೆಯ ಮೂಗಿನಿಂದಲ್ಲ. ದಂಡೂ ಹಾಗೆಯೇ. ಇಷ್ಟಾಗಿಯೂ ಅವಸರದ ಆಕ್ಷೇಪ ಒಂದು ವಿಷಯದಲ್ಲಿ ಗೆಲ್ಲುತ್ತದೆ. ಜನವರಿಯಲ್ಲಿ ಆಧಾರ ಹುಡುಕಿದವನು ಮಾರ್ಚ್ ಮೂರನೆಯ ವಾರದಲ್ಲಿ ಕಪಾಟಿನಲ್ಲಿರುವ ನೀಲಿಯನ್ನೇ ಬಳಿದುಬಿಡುತ್ತಾನೆ. ಅದನ್ನು ತಕ್ಕಮಟ್ಟಿಗೆ ಹಿಡಿದು ನಿಲ್ಲಿಸುವುದು ಜೊತೆಯವರ ಕಣ್ಣು. ಫೋಟೊ ನೋಡಿದ ತಕ್ಷಣ ಆ ರೆಜಿಮೆಂಟಿನ ಕಾಲರು ಹಳದಿಯಲ್ಲವೇ ಎಂದು ಮೆಲ್ಲಗೆ ಕೇಳುವವನೊಬ್ಬ ಇಂಥ ಎಲ್ಲ ಕೂಟಗಳಲ್ಲೂ ಇರುತ್ತಾನೆ. ಅವನಿಗೆ ಅಂಕ ಕೊಡುವ ಪದ್ಧತಿ ಇಲ್ಲ, ಇರಬೇಕಿತ್ತು.

ಎರಡನೆಯ ಆಕ್ಷೇಪ ಇದಕ್ಕಿಂತ ಭಾರವಾದದ್ದು. ಸಾವುನೋವಿನ ವಿಷಯವನ್ನು ಚೆಂದದ ಗೊಂಬೆ ಮಾಡಿ ಆಡುವುದು ಸರಿಯೇ? ಆಟಿಕೆ ಯುದ್ಧ ಆಡಿದವರಿಗೆ ನಿಜ ಯುದ್ಧ ಬೇಡವಾಗುತ್ತದೆ ಎಂಬ ಹಳೆಯ ಸಮರ್ಥನೆಯನ್ನು ನಾನು ನಂಬುವುದಿಲ್ಲ. ಹಾಗೆಂದು ವಾದಿಸಿದ ವೆಲ್ಸ್‌ನೇ ಮರುವರ್ಷ, 1914ರಲ್ಲಿ, ಎಲ್ಲ ಯುದ್ಧಗಳಿಗೂ ಕೊನೆ ಹಾಡುವ ಯುದ್ಧ ಇದು ಎಂದು ಮಹಾಯುದ್ಧದ ಪರ ಲೇಖನಿ ಹಿಡಿದ. ಗೊಂಬೆ ಯಾರನ್ನೂ ಶಾಂತಿದೂತ ಮಾಡುವುದಿಲ್ಲ. ಈ ಹವ್ಯಾಸಕ್ಕೆ ಕವಾಯತಿನ ಬೆಡಗಿನ ಮೇಲೆ ಮೋಹ ಜಾಸ್ತಿ ಎಂಬುದೂ ನಿಜ. ಜರಿಯಂಚಿನ ಕುದುರೆ ಸವಾರರಿಗೆ ಇರುವ ಬೇಡಿಕೆ ಜ್ವರ ಹಿಡಿದು ಮಲಗಿದವರಿಗಿಲ್ಲ. ಆದರೂ ಆಟದಲ್ಲಿ ಪಡೆಯ ನಷ್ಟ ಗುರುತಿಸಲು ಬಿದ್ದ ಸೈನಿಕನ ಗೊಂಬೆಗಳಿವೆ, ಅವುಗಳಿಗೂ ಬಣ್ಣ ಹಚ್ಚಬೇಕು. ಬಿದ್ದವನ ಮುಖಕ್ಕೆ ಚರ್ಮದ ಬಣ್ಣದಲ್ಲಿ ಒಂದಿಷ್ಟು ಬೂದು ಬೆರೆಸಬೇಕು. ಆ ಬೂದು ಬೆರೆಸುವ ಕೈ ಒಂದು ಕ್ಷಣವಾದರೂ ತಡೆಯುತ್ತದೆ ಎಂಬುದಷ್ಟೇ ನನ್ನ ನಂಬಿಕೆ, ಅದಕ್ಕಿಂತ ಹೆಚ್ಚು ಹೇಳಲಾರೆ.

ಬೆಡಗಿನ ಮೋಹಕ್ಕೆ ಒಳ್ಳೆಯ ಮದ್ದು ಎಂದರೆ ಯುದ್ಧವನ್ನು ಹೊತ್ತವರಿಗೂ ಮೇಜಿನ ಮೇಲೆ ಜಾಗ ಕೊಡುವುದು. ಮೈಸೂರಿನ ಫಿರಂಗಿಯನ್ನು ಎಳೆದದ್ದು ಅಮೃತ ಮಹಲ್ ಎತ್ತುಗಳು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎನಿಸಿದ್ದ ಸರ್ಕಾರಿ ಹಿಂಡಿಗೆ ಟಿಪ್ಪು ಇಟ್ಟ ಹೆಸರದು. ಅವುಗಳ ನಡಿಗೆಯ ವೇಗವೇ ಹೈದರನ ದಂಡಿನ ವೇಗ, ಪಟ್ಟಣ ಬಿದ್ದ ಮೇಲೆ ಅವು ವೆಲ್ಲೆಸ್ಲಿಯ ಕೈಗೂ ಬಂದವು. ಎತ್ತಿಲ್ಲದ ಫಿರಂಗಿಯನ್ನು ಮೇಜಿನ ಮೇಲಿಟ್ಟವನು ಪ್ರಷ್ಯನ್ನರನ್ನು ಕಿತ್ತು ತೆಗೆದ ಸೈಬೋರ್ನ್‌ನಷ್ಟೇ ತಪ್ಪು ಮಾಡಿದ ಹಾಗೆ, ಅದೂ ಯಾರ ಒತ್ತಾಯವೂ ಇಲ್ಲದೆ. ಹಚ್ಚಲು ಅವು ಸುಲಭವಲ್ಲ. ಬಿಳಿಯಿಂದ ಹೆಚ್ಚುಕಡಿಮೆ ಕಪ್ಪಿನವರೆಗೆ ಬೂದಿನ ಎಲ್ಲ ಛಾಯೆಗಳೂ ಆ ತಳಿಯಲ್ಲಿವೆ, ಎಷ್ಟೋ ಎತ್ತುಗಳ ಮುಖದ ಮೇಲೆ, ಗಂಗೆದೊಗಲಿನ ಮೇಲೆ ಬೆಳ್ಳನೆ ಗುರುತು, ಕೊಂಬು ಹಿಂದಕ್ಕೆ ಬಾಗಿ ತುದಿ ಚೂಪು. ಒಂದು ಜೋಡಿಗೆ ಒಂದು ಸಂಜೆಯೇ ಬೇಕು. ಕಾಲಾಳಿಗೆ ಐದು, ಸವಾರನಿಗೆ ಹತ್ತು ಎಂದು ಲೆಕ್ಕವಿರುವ ಪಂಥದಲ್ಲಿ ಎತ್ತಿನ ಜೋಡಿಗೆ ಎಷ್ಟು ಎಂಬುದನ್ನು ಮಾತ್ರ ಮೊದಲೇ ಕೇಳಿಟ್ಟುಕೊಳ್ಳಬೇಕು.